ಹದಿನೈದು ಡಿಗ್ರಿ ವಾಲಿದ ಪೆಟ್ಟಿಗೆಯೊಳಗೆ

ಕೋವಿಡ್ ತಗ್ಗಿ ಕಾರ್ಖಾನೆಗಳೆಲ್ಲ ಮತ್ತೆ ತುಂಬಿಕೊಂಡ ಎರಡನೆಯ ಬೇಸಿಗೆ. ನಾನಾಗ ಶಿರಾದ ಹೊರವಲಯದಲ್ಲಿ, ಹೆದ್ದಾರಿಗೆ ಹೊಂದಿಕೊಂಡಿದ್ದ ಒಂದು ಕಂಪನಿಯಲ್ಲಿ ಸಿಸ್ಟಮ್ಸ್ ಡಿಸೈನ್ ವಿಭಾಗದ ಹಿರಿಯ ಎಂಜಿನಿಯರ್ ಆಗಿದ್ದೆ. ಮನೆ ಮಧುಗಿರಿಯಲ್ಲಿ. ಬೆಳಿಗ್ಗೆ ಬಡವನಹಳ್ಳಿಯ ಮೇಲೆ ಹೋಗುವ ಬಸ್ಸು ಹಿಡಿದರೆ ಶಿಫ್ಟ್ ಶುರುವಾಗುವ ಹೊತ್ತಿಗೆ ಶಿರಾ ಸೇರುತ್ತಿದ್ದೆ. ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯ ಹಡಗುಗಳಿಗೆ ಬೇಕಾದ ಉಪಕರಣಗಳ ವಿನ್ಯಾಸ, ಜೋಡಣೆ, ಪರೀಕ್ಷೆ ನಮ್ಮ ಕೆಲಸ. ಐ.ಡಿ.ಹಳ್ಳಿಯಲ್ಲಿದ್ದ ನನ್ನ ಚಿಕ್ಕಮ್ಮನಿಗೆ ಇದು ಕೊನೆಗೂ ತಲೆಗೆ ಹತ್ತಲಿಲ್ಲ. ಸಮುದ್ರ ಇರುವುದು ಮಂಗಳೂರಿನ ಕಡೆ, ನೀನು ಹೋಗುವುದು ಶಿರಾಕ್ಕೆ, ಅಲ್ಲಿ ಹಡಗು ಯಾವ ಕೆರೆಯಲ್ಲಿ ನಿಂತಿರುತ್ತದೆ ಎಂದು ಕೇಳುತ್ತಿದ್ದಳು.

ಹಡಗು ಒಂದೇ ಕಡೆ ತಯಾರಾಗುವುದಿಲ್ಲ. ಒಡಲು ಕಟ್ಟುವುದು ಕಡಲ ದಂಡೆಯ ಹಡಗುಕಟ್ಟೆಯಲ್ಲಾದರೂ ಅದರ ಪಂಪು, ಪ್ಯಾನೆಲ್ಲು, ಬಾಗಿಲು, ವಾಲ್ವುಗಳು ದೇಶದ ಎಲ್ಲೆಲ್ಲೋ ತಯಾರಾಗಿ ಅಲ್ಲಿಗೆ ಹೋಗುತ್ತವೆ. ಆ ವರ್ಷ ನಮ್ಮ ಕೈಯಲ್ಲಿದ್ದದ್ದು ಒಂದು ಗಸ್ತು ಹಡಗಿನ ವಾಟರ್‌ಟೈಟ್ ಬಾಗಿಲು. ಹಡಗಿನ ಒಡಲನ್ನು ಉಕ್ಕಿನ ಗೋಡೆಗಳಿಂದ ಕೋಣೆ ಕೋಣೆಯಾಗಿ ವಿಭಾಗಿಸಿರುತ್ತಾರೆ. ಒಂದು ಕೋಣೆಗೆ ನೀರು ನುಗ್ಗಿದರೆ ಅದು ಪಕ್ಕದ ಕೋಣೆಗೆ ದಾಟದಂತೆ ತಡೆಯುವುದು ಈ ಬಾಗಿಲು. ಮನೆಯ ಬಾಗಿಲಿನಂತೆ ಇದು ತಿರುಗುವುದಿಲ್ಲ. ಎಣ್ಣೆಯ ಒತ್ತಡದಿಂದ, ಎಂದರೆ ಹೈಡ್ರಾಲಿಕ್ಸ್‌ನಿಂದ, ಪಕ್ಕಕ್ಕೆ ಜಾರುತ್ತದೆ. ಕ್ಯಾಪ್ಟನ್ ಮೇಲಿನಿಂದಲೇ ಒಂದು ಗುಂಡಿ ಒತ್ತಿ ಅದನ್ನು ಮುಚ್ಚಬಹುದು. ಮುಚ್ಚಿದಾಗ ಒಳಗೆ ಯಾರಾದರೂ ಉಳಿದುಬಿಟ್ಟರೆ, ಕರೆಂಟು ಇಲ್ಲದಿದ್ದರೂ ಅವರು ಕೈಪಂಪು ಹೊಡೆದು ಬಾಗಿಲು ತೆರೆದು ಹೊರಬರುವಂತಿರಬೇಕು. ಅದೂ ಹಡಗು ಹದಿನೈದು ಡಿಗ್ರಿ ವಾಲಿದ್ದಾಗಲೂ.

ಇದನ್ನು ಪರೀಕ್ಷಿಸಲು ನಾವು ಶೆಡ್ಡಿನಲ್ಲಿ ಹಡಗಿನ ಒಂದು ಕೋಣೆಯನ್ನೇ ಕಟ್ಟಿದ್ದೆವು. ದಪ್ಪ ಉಕ್ಕಿನ ತಗಡಿನ ಪೆಟ್ಟಿಗೆ. ಎಂಟು ಜನ ನಿಂತರೆ ಮೈಗೆ ಮೈ ತಾಗುವಷ್ಟು ಜಾಗ. ಗೋಡೆಗಳಿಗೆ ಒಳಗಿನಿಂದ ಫೋಮ್ ಹೊದಿಸಿ, ನಿಜವಾದ ಹಡಗಿನಲ್ಲಿರುವಂತೆ ಕೇಬಲ್ಲು, ಕೊಳವೆ, ಸಲಕರಣೆಯ ಬೀರು ಎಲ್ಲವನ್ನೂ ಕೂರಿಸಿದ್ದೆವು. ಪೆಟ್ಟಿಗೆಯ ಒಂದು ಪಕ್ಕಕ್ಕೆ ಕೀಲು, ಇನ್ನೊಂದು ಪಕ್ಕದ ಎರಡು ಮೂಲೆಗೆ ಎರಡು ಹೈಡ್ರಾಲಿಕ್ ಜಾಕ್. ಜಾಕ್‌ಗಳು ಏರಿದಂತೆ ಪೆಟ್ಟಿಗೆ ಅಲೆಗೆ ಸಿಕ್ಕ ಹಡಗಿನಂತೆ ವಾಲುತ್ತಿತ್ತು. ಒಂದೊಂದು ಜಾಕ್‌ಗೂ ಒಂದು ಉಕ್ಕಿನ ಪಿನ್. ಎಣ್ಣೆಯ ಒತ್ತಡ ಕೈಕೊಟ್ಟರೂ ಪೆಟ್ಟಿಗೆ ಕೆಳಗೆ ಬೀಳದಿರಲಿ ಎಂದು.

ಅಂತಿಮ ಪರೀಕ್ಷೆಗೆ ಹಡಗುಕಟ್ಟೆಯ ಪರವಾಗಿ ಬಂದಿದ್ದವರು ಇನ್‌ಸ್ಪೆಕ್ಟರ್ ಗಾಂವಕರ್. ಅಂಕೋಲಾ ಕಡೆಯವರು. ಹಡಗುಗಳ ಎಂಜಿನ್ ರೂಮಿನಲ್ಲೇ ಅರ್ಧ ಆಯುಷ್ಯ ಕಳೆದು, ನಿವೃತ್ತಿಯ ನಂತರ ತಪಾಸಣೆಯ ಕೆಲಸ ಹಿಡಿದಿದ್ದವರು. ಮಾತು ಕಡಿಮೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಳಗಿನಿಂದ ಬಾಗಿಲು ತೆರೆಯುವುದನ್ನು ಒಳಗೇ ನಿಂತು ನೋಡಬೇಕೆಂದು ಅವರು ಹೇಳಿದರು. ವಿನ್ಯಾಸ ನನ್ನ ವಿಭಾಗದ್ದಾದ್ದರಿಂದ ನಾನೂ ಜೊತೆಗೆ ಹೊರಟೆ. ಪಂಪು ಹೊಡೆಯಲು ನಮ್ಮ ಫಿಟ್ಟರ್ ಕರಿಯಣ್ಣ. ಪಾವಗಡ ತಾಲೂಕಿನ ವೈ.ಎನ್.ಹೊಸಕೋಟೆಯ ಹತ್ತಿರದ ಹಟ್ಟಿಯವನು. ಅಣ್ಣತಮ್ಮಂದಿರೆಲ್ಲ ಈಗಲೂ ಕುರಿ ಸಾಕುತ್ತಾರೆ, ಇವನೊಬ್ಬ ಐಟಿಐ ಓದಿ ಶಿರಾಕ್ಕೆ ಬಂದಿದ್ದ. ಹೊರಗೆ ಪರೀಕ್ಷೆ ನಡೆಸುವ ಜವಾಬ್ದಾರಿ ಶೆಡ್ಡಿನ ಸೂಪರ್‌ವೈಸರ್ ನಸೀಮಾಳದು. ಶಿರಾದ ಹುಡುಗಿ, ಡಿಪ್ಲೊಮಾ ಮುಗಿಸಿ ನೇರ ನಮ್ಮಲ್ಲಿಗೇ ಸೇರಿ ಹತ್ತು ವರ್ಷ ದಾಟಿತ್ತು.

ಮಧ್ಯಾಹ್ನದ ಊಟ ಮುಗಿಸಿ ಮೂವರೂ ಒಳಗೆ ಹೋದೆವು. ಐದು ಡಿಗ್ರಿಯಲ್ಲಿ ಬಾಗಿಲು ಸಲೀಸಾಗಿ ಮುಚ್ಚಿತು, ತೆರೆಯಿತು. ಹತ್ತು ಡಿಗ್ರಿಯಲ್ಲೂ ಹಾಗೇ. ಹದಿನೈದಕ್ಕೆ ಏರಿದಾಗ ನಿಲ್ಲಲು ಗೋಡೆಯ ಹಿಡಿ ಬೇಕಾಯಿತು. ನಸೀಮಾ ಹೊರಗಿನ ಪ್ಯಾನೆಲ್‌ನಿಂದ ಬಾಗಿಲು ಮುಚ್ಚಿದಳು. ರಬ್ಬರ್ ಪಟ್ಟಿ ಒತ್ತಿಕೊಂಡು ಶೆಡ್ಡಿನ ಸದ್ದೆಲ್ಲ ಒಮ್ಮೆಲೇ ನಿಂತುಹೋಯಿತು. ಗಾಂವಕರ್ ತಲೆಯಾಡಿಸಿ ತೆರೆಯಲು ಹೇಳಿದರು. ಕರಿಯಣ್ಣ ಪಂಪಿನ ಹಿಡಿಗೆ ಕೈಹಾಕಿದ.

ಆಗ ಕಾಲ ಕೆಳಗೆ ಏನೋ ಸಿಡಿದಂತಾಯಿತು. ನೆಲ ಒಂದು ಮೂಲೆಗೆ ಕುಸಿಯಿತು. ನಾನು ಗೋಡೆಗೆ ಹೋಗಿ ಬಡಿದುಕೊಂಡೆ. ದೀಪ ಆರಿತು. ಕತ್ತಲಲ್ಲಿ ಭಾರವಾದದ್ದೊಂದು ಉರುಳಿದ ಸದ್ದು, ಅದರ ಹಿಂದೆಯೇ ಕರಿಯಣ್ಣನ ಕೂಗು. ಬ್ಯಾಟರಿಯ ತುರ್ತು ದೀಪ ಹತ್ತಿಕೊಂಡಾಗ ಕಂಡದ್ದು ಇಷ್ಟು: ಸಲಕರಣೆಯ ಬೀರು ಬುಡದಿಂದ ಕಿತ್ತು ಬಂದು ಕರಿಯಣ್ಣನ ಬಲಗಾಲಿನ ಮೇಲೆ ಬಿದ್ದಿದೆ. ಗಾಂವಕರ್ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಾರೆ. ಬಾಗಿಲಿನ ಪಕ್ಕದ ಕೊಳವೆಯ ಒಂದು ಜೋಡಣೆ ಸಡಿಲಾಗಿ ಎಣ್ಣೆ ಸಣ್ಣಗೆ ಚಿಮ್ಮುತ್ತಿದೆ.

ಏನಾಗಿದೆಯೆಂದು ನನಗೆ ಆ ಗಳಿಗೆಯಲ್ಲೇ ಹೊಳೆಯಿತು. ಎರಡು ಜಾಕ್‌ಗಳಲ್ಲಿ ಒಂದು ಕುಸಿದಿದೆ. ಪೆಟ್ಟಿಗೆ ಪೂರ್ತಿ ನೆಲಕ್ಕೆ ಬಿದ್ದಿಲ್ಲ, ಎಂದರೆ ಆ ಮೂಲೆಯನ್ನು ಪಿನ್ ಇನ್ನೂ ಹಿಡಿದಿದೆ. ಆದರೆ ಎಷ್ಟು ಹೊತ್ತು ಹಿಡಿದೀತು ಎಂಬುದು ಒಳಗಿದ್ದವರಿಗೆ ತಿಳಿಯುವಂತಿರಲಿಲ್ಲ.

ನಾನು ಕರಿಯಣ್ಣನ ಹತ್ತಿರ ತೆವಳಿದೆ. ಬೀರುವನ್ನು ಎತ್ತಲು ನೋಡಿದರೆ ಅಲುಗಲೇ ಇಲ್ಲ. ಅವನ ಮುಖದ ಮೇಲೆಲ್ಲ ಎಣ್ಣೆ.

"ಎಳೀಬ್ಯಾಡಿ ಮೇಡಂ," ಎಂದ. "ಕಾಲು ಸಿಕ್ಕಾಕ್ಕಂಡ್ಬುಟ್ಟೈತೆ. ಮೂಳೆ ಹೋಗೈತೆ ಅನ್ಸುತ್ತೆ."

ಅಷ್ಟು ಹೇಳಿ ಕಣ್ಣು ಮುಚ್ಚಿ, ಉಸಿರಿನ ಜೊತೆಯಲ್ಲೇ ತೆಲುಗಿನಲ್ಲಿ "ನೊಪ್ಪಮ್ಮಾ, ನೊಪ್ಪಿ" ಎಂದು ಗೊಣಗಿದ. ಪಾವಗಡದ ಕಡೆಯವರಿಗೆ ನೋವು ಬಂದಾಗ ಯಾವ ಭಾಷೆ ಬರುತ್ತದೋ ಅದೇ ಮನೆಯ ಭಾಷೆ.

ಅಷ್ಟರಲ್ಲಿ ಗಾಂವಕರ್ ಪಂಪಿನ ಹಿಡಿ ಹಿಡಿದು ಒಂದೇ ಸಮನೆ ಹೊಡೆಯತೊಡಗಿದ್ದರು. ಬಾಗಿಲು ಬೆರಳಿನಷ್ಟು ಸರಿದು ಕಿರ್ರೆಂದು ನಿಂತಿತು. ಅವರು ಇನ್ನೂ ಜೋರಾಗಿ ಹೊಡೆದರು. ನಾನು ಮೊಬೈಲಿನ ದೀಪ ಹಿಡಿದು ಚೌಕಟ್ಟನ್ನು ನೋಡಿದೆ. ಕೆಳಗೆ ಬಾಗಿಲಿಗೂ ಹಳಿಗೂ ನಡುವೆ ಬೇಕಾದಷ್ಟು ಸಂದಿಯಿತ್ತು, ಮೇಲಿನ ಮೂಲೆಯಲ್ಲಿ ಕೂದಲು ತೂರಿಸಲೂ ಜಾಗವಿರಲಿಲ್ಲ. ಒಂದು ಮೂಲೆ ಕುಸಿದಾಗ ಇಡೀ ಪೆಟ್ಟಿಗೆಯೇ ತಿರುಚಿಕೊಂಡಿತ್ತು. ಆಯತಾಕಾರದ ಚೌಕಟ್ಟು ಓರೆಯಾಗಿ ಬಾಗಿಲನ್ನು ಕಚ್ಚಿ ಹಿಡಿದಿತ್ತು. ಎಷ್ಟು ಪಂಪು ಹೊಡೆದರೂ ಅದು ಬರುವುದಿಲ್ಲ. ಹೊಡೆದಷ್ಟೂ ಸಡಿಲಾದ ಜೋಡಣೆಯಿಂದ ಎಣ್ಣೆ ಹೊರಗೆ ಹೋಗುತ್ತಿತ್ತು. ಪಂಪಿನ ಪುಟ್ಟ ತೊಟ್ಟಿಯಲ್ಲಿ ಎಣ್ಣೆ ಎಷ್ಟಿದೆಯೆಂದು ತೋರಿಸುವ ಗಾಜು ಅರ್ಧಕ್ಕಿಂತ ಕೆಳಗಿಳಿದಿತ್ತು. ಅದು ಖಾಲಿಯಾದರೆ ಚೌಕಟ್ಟು ಸರಿಯಾದ ಮೇಲೂ ಬಾಗಿಲು ತೆರೆಯಲು ನಮ್ಮ ಹತ್ತಿರ ಏನೂ ಉಳಿಯುತ್ತಿರಲಿಲ್ಲ.

ನಿಲ್ಲಿಸಿ ಸಾರ್ ಎಂದೆ. ಅವರಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ. ಅವರ ಕಣ್ಣು ಬಾಗಿಲಿನ ಅಂಚಿನಲ್ಲೇ ನೆಟ್ಟಿತ್ತು, ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ನಾನು ಅವರ ಕೈಯನ್ನು ಬಲವಂತವಾಗಿ ಬಿಡಿಸಿ, ಪಂಪಿನ ಹಿಡಿಯನ್ನೇ ಕಿತ್ತು ಹಿಂದೆ ಇಟ್ಟುಕೊಂಡೆ. ನನಗಿಂತ ವಯಸ್ಸಿನಲ್ಲಿ ಹಿರಿಯರು, ನಮ್ಮ ಕೆಲಸವನ್ನು ಒಪ್ಪುವ ಇಲ್ಲವೇ ತಿರಸ್ಕರಿಸುವ ಅಧಿಕಾರ ಇದ್ದವರು. ಬೇರೆ ಯಾವ ದಿನವಾದರೂ ಅವರ ಕೈಯಿಂದ ಪೆನ್ನು ತೆಗೆದುಕೊಳ್ಳಲೂ ನಾನು ಅಪ್ಪಣೆ ಕೇಳುತ್ತಿದ್ದೆ. ಆಮೇಲೆ ಚೆಲ್ಲಿದ ಸಲಕರಣೆಗಳ ನಡುವೆ ಒಂದು ಸ್ಪ್ಯಾನರ್ ಹುಡುಕಿ ಸಡಿಲಾದ ಜೋಡಣೆಯನ್ನು ಬಿಗಿದೆ. ಚಿಮ್ಮುವುದು ನಿಂತಿತು. ನೆಲದ ಮೇಲೆ ಎಣ್ಣೆ ತಗ್ಗಿನ ಕಡೆ ಹರಿದು ಕರಿಯಣ್ಣನ ಸುತ್ತ ನಿಂತಿತ್ತು.

ಉಕ್ಕಿನ ಪೆಟ್ಟಿಗೆಯೊಳಗೆ ಮೊಬೈಲ್ ಸಿಗ್ನಲ್ ಇರಲಿಲ್ಲ. ಆದರೆ ಹಡಗಿನ ಕೋಣೆಯೆಂದ ಮೇಲೆ ಅಲ್ಲೊಂದು ಸೌಂಡ್ ಪವರ್ಡ್ ಟೆಲಿಫೋನ್ ಇತ್ತು. ಅದಕ್ಕೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಮಾತಾಡುವವರ ದನಿಯ ಕಂಪನವೇ ತಂತಿಯಲ್ಲಿ ಹರಿದು ಆ ತುದಿಯಲ್ಲಿ ದನಿಯಾಗುತ್ತದೆ. ಇನ್ನೊಂದು ತುದಿ ಶೆಡ್ಡಿನ ಪ್ಯಾನೆಲ್ ಪಕ್ಕದಲ್ಲಿತ್ತು. ನಾನು ಅದರ ಹಿಡಿ ತಿರುಗಿಸಿ ಗಂಟೆ ಹೊಡೆದೆ. ನಸೀಮಾ ತಕ್ಷಣ ಎತ್ತಿಕೊಂಡಳು.

ಮೂವರೂ ಜೀವಂತ ಇದ್ದೇವೆ, ಕರಿಯಣ್ಣನ ಕಾಲಿಗೆ ಪೆಟ್ಟಾಗಿದೆ, ಬಾಗಿಲು ಕಚ್ಚಿಕೊಂಡಿದೆ ಎಂದೆ. ಅವಳು ಹೊರಗಿನ ಸ್ಥಿತಿ ಹೇಳಿದಳು. ರಸ್ತೆ ಕಡೆಯ ಜಾಕ್ ಕೂತುಹೋಗಿದೆ. ಪಿನ್ ಬಾಗಿ ಬಿಲ್ಲಿನ ಹಾಗಾಗಿದೆ. ಪೆಟ್ಟಿಗೆ ಎತ್ತುವಷ್ಟು ದೊಡ್ಡ ಕ್ರೇನ್ ತುಮಕೂರಿನಿಂದ ಬರಬೇಕು. ಅಗ್ನಿಶಾಮಕದ ಗಾಡಿ ಇನ್ನೆಲ್ಲೋ ಬೆಂಕಿ ಆರಿಸಲು ಹೋಗಿದೆ, ತಿರುಗಿ ಬರಲು ಹೊತ್ತಾಗುತ್ತದೆ.

ಗಾಂವಕರ್ ನನ್ನ ಕೈಯಿಂದ ಫೋನ್ ಕಸಿದುಕೊಂಡರು.

"ಗ್ಯಾಸ್ ಕಟರ್ ತನ್ನಿ," ಎಂದರು. "ಹಿಂದಿನ ಗೋಡೆ ಕಟ್ ಮಾಡಿ. ಇದು ನನ್ನ ಆರ್ಡರ್."

ಶೆಡ್ಡಿನಲ್ಲಿ ಗ್ಯಾಸ್ ಕಟರ್ ಇತ್ತು. ಉಕ್ಕು ಕೊಯ್ಯುವ ಜನರೂ ಇದ್ದರು. ಹೊರಗಿನಿಂದ ನೋಡುವವರಿಗೆ ಅದೇ ಸರಿಯಾದ ದಾರಿ. ಒಳಗೆ ಇದ್ದವರಿಗೆ ಮಾತ್ರ ಗೊತ್ತಿತ್ತು, ಗಾಳಿಯಲ್ಲೆಲ್ಲ ಎಣ್ಣೆಯ ಸಣ್ಣ ಹನಿಗಳು ತೇಲುತ್ತಿವೆ, ಗೋಡೆಯ ಫೋಮ್ ಬೆಂಕಿ ಕಂಡರೆ ಸಾಕು ಕರಗಿ ಉರಿಯುತ್ತದೆ. ನಾನು ಇದನ್ನು ಗಾಂವಕರ್ ಅವರಿಗೆ ಹೇಳಿದೆ. ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಫೋನಿನಲ್ಲಿ ಅದೇ ಮಾತು ಮತ್ತೆ ಮತ್ತೆ ಹೇಳುತ್ತಿದ್ದರು. ನಾನು ಅವರ ಭುಜದ ಮೇಲಿನಿಂದ, ನಸೀಮಾ, ಬೇಡ, ಬೆಂಕಿ ತರಬೇಡ ಎಂದು ಕಿರುಚಿದೆ.

ಅವಳ ದನಿ ನನಗೂ ಕೇಳಿಸಿತು. "ಯಾರ ಮಾತು ಕೇಳ್ಲಿ ಹೇಳಿ. ಇಲ್ಲಿ ಕಟರ್ ಹಚ್ಚಿ ನಿಂತವ್ರೆ."

ಗಾಂವಕರ್ ಬಾಯಿ ತೆರೆಯುವಷ್ಟರಲ್ಲಿ ನೆಲದಿಂದ ಕರಿಯಣ್ಣ ಮಾತಾಡಿದ. ಮಾತು ಜೋರಾಗಿರಲಿಲ್ಲ.

"ಸಾರ್, ನನ್ ಮೈಯೆಲ್ಲಾ ಎಣ್ಣೆ ಆಗೈತೆ. ಒಂದು ಕಿಡಿ ಬಿದ್ರೆ ಮೊದ್ಲು ಹತ್ಕಳೋನು ನಾನೇ. ನಂಗೆ ಎದ್ದು ಓಡಾಕೂ ಆಗಕಿಲ್ಲ."

ಗಾಂವಕರ್ ಅವನ ಕಡೆ ತಿರುಗಿ ನೋಡಿದರು. ಪೆಟ್ಟಿಗೆ ಕುಸಿದ ಮೇಲೆ ಅವರು ಅವನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು ಎಂದು ನನಗೆ ಅನ್ನಿಸಿತು. ಎಣ್ಣೆಯಲ್ಲಿ ತೊಯ್ದ ಅಂಗಿ, ಬೀರುವಿನ ಕೆಳಗೆ ಮಾಯವಾದ ಕಾಲು. ಅವರು ಫೋನನ್ನು ನನ್ನ ಕೈಗೆ ಕೊಟ್ಟು ಬಾಗಿಲ ಪಕ್ಕ ಕುಸಿದು ಕೂತರು. ನಾನು ನಸೀಮಾಳಿಗೆ ಕಟರ್ ಆರಿಸಿ ಸಿಲಿಂಡರನ್ನು ಶೆಡ್ಡಿನಿಂದಲೇ ಆಚೆ ಸಾಗಿಸಲು ಹೇಳಿದೆ.

ಉಳಿದದ್ದು ಒಂದೇ ದಾರಿ. ಕುಸಿದ ಮೂಲೆಯನ್ನು ಮತ್ತೆ ಎತ್ತಬೇಕು. ತಿರುಚು ಬಿಟ್ಟರೆ ಚೌಕಟ್ಟು ನೇರವಾಗುತ್ತದೆ, ನೇರವಾದರೆ ಕೈಪಂಪಿಗೆ ಬಾಗಿಲು ಸರಿಯುತ್ತದೆ. ಆದರೆ ಎತ್ತುವ ಮೊದಲು ಆ ಮೂಲೆಯ ಕೆಳಗೆ ಮರದ ದಿಮ್ಮಿ ಪೇರಿಸಿ ಪಿನ್ನಿನ ಭಾರ ಇಳಿಸಬೇಕು. ಪೆಟ್ಟಿಗೆ ಜಾರದಂತೆ ಸರಪಳಿ ಬಿಗಿಯಬೇಕು. ಇದನ್ನೆಲ್ಲ ನಸೀಮಾಳಿಗೆ ಹೇಳಿ, ಎತ್ತುವುದು ಯಾವುದರಿಂದ ಎಂದು ಕೇಳಿದೆ.

"ಢಾಬಾ ಮುಂದೆ ಲಾರಿ ಸಾಲಾಗಿ ನಿಂತವೆ ಮೇಡಂ. ಒಂದೊಂದ್ರಲ್ಲೂ ಜಾಕಿ ಇರುತ್ತೆ, ಸರಪಳಿ ಇರುತ್ತೆ. ಡ್ರೈವರ್ ಭಾಯಿಗಳ್ನ ಕರ್ಕೊಂಡ್ ಬರ್ತೀನಿ. ಫಿಕರ್ ಮಾಡ್ಬೇಡಿ."

ಫೋನ್ ಹತ್ತಿರ ಒಬ್ಬರನ್ನು ಕೂರಿಸಿ ಅವಳು ಹೋದಳು.

ಕಾಯುವುದು ಶುರುವಾಯಿತು. ಮೇಲೆ ಶೀಟಿನ ಶೆಡ್ಡು, ಅದರ ಕೆಳಗೆ ಉಕ್ಕಿನ ಪೆಟ್ಟಿಗೆ, ಹೊರಗೆ ಶಿರಾದ ಬೇಸಿಗೆ. ಗಾಳಿಕೊಳವೆಯ ಮುಚ್ಚಳವನ್ನು ಕೈಯಿಂದ ತೆರೆದೆವು. ಅಂಗೈಯಗಲದ ಕಂಡಿ. ಅದರಿಂದ ಬಂದದ್ದೂ ಕಾದ ಗಾಳಿಯೇ, ಆದರೂ ಉಸಿರಿಗೆ ಕೊರತೆಯಿರಲಿಲ್ಲ. ಹಾಗೆಂದು ತಲೆಗೆ ಗೊತ್ತಿತ್ತು, ಎದೆಗೆ ಗೊತ್ತಿರಲಿಲ್ಲ. ಗೋಡೆಗಳು ಹತ್ತಿರ ಬಂದಂತೆ ಅನ್ನಿಸುವುದು ಎಂದು ಕೇಳಿದ್ದೆ. ನನಗೆ ಹಾಗಾಗಲಿಲ್ಲ. ನನಗಾದದ್ದು ಬೇರೆ. ಈ ಗೋಡೆಗಳನ್ನು ನಾನು ಎರಡು ವರ್ಷ ಕಂಪ್ಯೂಟರಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದೆ. ಬೇಕೆಂದಾಗ ಒಂದು ಗೋಡೆಯನ್ನು ಅಳಿಸಿ ಒಳಗೆ ಇಣುಕುತ್ತಿದ್ದೆ, ಬೇಡವೆಂದಾಗ ಮತ್ತೆ ಹಾಕುತ್ತಿದ್ದೆ. ಈಗ ಅದೇ ಗೋಡೆಗೆ ಕೈ ಒತ್ತಿದರೆ ಅದು ಅಲ್ಲೇ ಇತ್ತು. ಆಗಾಗ ಕೆಳಗಿನ ಮೂಲೆಯಿಂದ ಲೋಹ ಮುರಿದಂತೆ ಸಣ್ಣ ಟಿಕ್ ಸದ್ದು ಬರುತ್ತಿತ್ತು. ಬಾಗಿದ ಪಿನ್ನಿನದು. ಪ್ರತಿ ಸಲವೂ ಮೂವರೂ ಮಾತು ನಿಲ್ಲಿಸುತ್ತಿದ್ದೆವು.

ನನ್ನ ವೇಲ್ ಹರಿದು ಕರಿಯಣ್ಣನ ಮೊಣಕಾಲಿನ ಮೇಲೆ ಬಿಗಿಯಾಗಿ ಕಟ್ಟಿದೆ, ಇನ್ನೊಂದು ತುಂಡಿನಿಂದ ಮುಖದ ಎಣ್ಣೆ ಒರೆಸಿದೆ. ಅವನಿಗೆ ನಿದ್ದೆ ಹತ್ತಿದಂತಾಗುತ್ತಿತ್ತು. ಮಾತಾಡಿಸುತ್ತಲೇ ಇದ್ದೆ. ನಾನು ಹುಟ್ಟಿದ ಊರು ಕೇಳಿದ. ಐ.ಡಿ.ಹಳ್ಳಿ ಎಂದೆ. ಅವನ ಅಕ್ಕನನ್ನು ಅಲ್ಲಿಂದ ಎರಡು ಹರದಾರಿ ದೂರದ ಹಟ್ಟಿಗೆ ಕೊಟ್ಟಿದ್ದಾರಂತೆ. ನಾನು ಚಿಕ್ಕವಳಿದ್ದಾಗ ಆ ಹಟ್ಟಿಯವರ ಕುರಿಮಂದೆ ನಮ್ಮ ಹೊಲದಲ್ಲಿ ರಾತ್ರಿ ತಂಗುತ್ತಿತ್ತು, ಗೊಬ್ಬರಕ್ಕೆಂದು. ಹಾಗಾದ್ರೆ ನೀವು ನಮ್ಮೋರೇ ಬುಡಿ ಎಂದು ಅವನು ನಗಲು ನೋಡಿದ.

ಆಮೇಲೆ ಗಾಂವಕರ್ ಯಾರೂ ಕೇಳದೆ ತಾವೇ ಹೇಳಿದರು. ಹಡಗಿಗೆ ಸೇರಿದ ಹೊಸತರಲ್ಲಿ ಒಂದು ಖಾಲಿ ಟ್ಯಾಂಕಿನೊಳಗೆ ತಪಾಸಣೆಗೆ ಇಳಿದಿದ್ದರಂತೆ. ಒಳಗೆ ಯಾರೂ ಇಲ್ಲವೆಂದುಕೊಂಡು ಮೇಲಿನವರು ಮುಚ್ಚಳ ಬಿಗಿದರು. ಕೂಗಿ ಕೂಗಿ ದನಿ ಹೋದ ಮೇಲೆ ಸುತ್ತಿಗೆಯಿಂದ ಬಡಿದರು. ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಕೊನೆಗೆ ಊಟದ ಹೊತ್ತಿಗೆ ತಟ್ಟೆಯೊಂದು ಉಳಿದದ್ದನ್ನು ಕಂಡು ಯಾರೋ ಹುಡುಕಿಕೊಂಡು ಬಂದರು. ಇದನ್ನು ಹೆಂಡತಿಗೂ ಹೇಳಿಲ್ಲ ಎಂದರು.

ಚೌಕಟ್ಟಿನ ಮೇಲಿನ ಮೂಲೆಯ ಸಂದಿಯನ್ನು ನೋಡುವವರು ಬೇಕು ಸಾರ್, ನಾನು ಪಂಪಿನ ಹತ್ತಿರ ಇರಬೇಕಾಗುತ್ತದೆ, ನೀವು ನೋಡುತ್ತೀರಾ ಎಂದು ಕೇಳಿದೆ. ಸಂದಿಯನ್ನು ಅಳೆಯುವ ತೆಳು ಪಟ್ಟಿಗಳ ಗೊಂಚಲನ್ನು, ಫೀಲರ್ ಗೇಜ್ ಎನ್ನುತ್ತೇವೆ, ಅವರ ಕೈಗೆ ಕೊಟ್ಟೆ. ಅವರು ಅದನ್ನು ತೆಗೆದುಕೊಂಡು ಎದ್ದು ನಿಂತರು.

ಫೋನಿನ ಗಂಟೆ ಹೊಡೆಯಿತು. ನಸೀಮಾ ಬಂದಿದ್ದಳು. ಏಳೆಂಟು ಡ್ರೈವರ್‌ಗಳು, ಕ್ಲೀನರ್‌ಗಳು ಬಂದಿದ್ದಾರೆ, ತಮಿಳುನಾಡಿನವರು, ಹರಿಯಾಣದವರು, ನಮ್ಮ ಚಳ್ಳಕೆರೆಯವರು. ಯಾರಿಗೂ ಯಾರ ಭಾಷೆಯೂ ಪೂರ್ತಿ ಬರುವುದಿಲ್ಲ, ಭಾರ ಎತ್ತುವುದು ಹೇಗೆಂದು ಎಲ್ಲರಿಗೂ ಗೊತ್ತಿದೆ ಎಂದಳು. ಮೊದಲು ಸರಪಳಿ ಬಿಗಿದರು. ಆಮೇಲೆ ದಿಮ್ಮಿ. ಒಂದೊಂದು ದಿಮ್ಮಿ ತೂರಿಸಿದಾಗಲೂ ಆ ಸದ್ದು ನಮ್ಮ ಕಾಲಿಗೆ ತಾಗುತ್ತಿತ್ತು. ಹೊರಗೆ ಮನುಷ್ಯರ ಕೈಗಳು ನಮಗಾಗಿ ಆಡುತ್ತಿವೆ ಎಂಬುದು ಹಾಗೆ ಗೊತ್ತಾಗುತ್ತಿತ್ತು.

ಜಾಕಿಗಳು ಏರತೊಡಗಿದವು. ಅಕ್ಕಪಕ್ಕ ಎರಡು ಜಾಕಿ, ಒಂದೇ ಸಮನಾಗಿ, ನಸೀಮಾ ಎಣಿಸಿದಂತೆ ತಿರುಗಿಸಬೇಕು. ಸ್ವಲ್ಪ ಎತ್ತಿದೊಡನೆ ದಿಮ್ಮಿ ತುರುಕುವುದು, ಮತ್ತೆ ಎತ್ತುವುದು. ಗಾಂವಕರ್ ಸಂದಿಗೆ ಪಟ್ಟಿ ಒತ್ತಿ, ಇನ್ನೂ ಇಲ್ಲ, ಇನ್ನೂ ಇಲ್ಲ ಎನ್ನುತ್ತಿದ್ದರು. ನಾನು ಅದನ್ನೇ ಫೋನಿಗೆ ಹೇಳುತ್ತಿದ್ದೆ. ಒಂದು ಸಲ ಅತಿ ತೆಳುವಾದ ಪಟ್ಟಿ ಒಳಗೆ ಹೋಯಿತು. ಅವರು ಬಂತು ಎಂದರು. ಆ ಮಾತು ನಾನು ಫೋನಿಗೆ ದಾಟಿಸುವಷ್ಟರಲ್ಲಿ ಕೆಳಗೆ ಮರ ಸೀಳಿದ ಸದ್ದು. ಪೆಟ್ಟಿಗೆ ಧಡಕ್ಕನೆ ಕೆಳಗಿಳಿಯಿತು. ಬೀರು ಕರಿಯಣ್ಣನ ಕಾಲಿನ ಮೇಲೆ ಹೊರಳಿತು. ಅವನು ಕೂಗಲೂ ಇಲ್ಲ, ಬಾಯಿ ಮಾತ್ರ ತೆರೆದ. ಗಾಂವಕರ್ ಗೇಜ್ ಎಸೆದು, ಬೀರುವಿಗೆ ಹೆಗಲು ಕೊಟ್ಟು ಅದು ಮತ್ತೆ ಹೊರಳದಂತೆ ಒತ್ತಿ ಹಿಡಿದರು. ಅಲ್ಲಿಂದ ಮುಂದೆ ಅವರು ಆ ಹೆಗಲನ್ನು ತೆಗೆಯಲಿಲ್ಲ. ಗೇಜ್ ನಾನೇ ಎತ್ತಿಕೊಂಡೆ.

ಒಂದು ದಿಮ್ಮಿ ಸೀಳಿದೆ, ಸರಪಳಿ ಹಿಡಿದಿದೆ, ಮತ್ತೆ ಶುರು ಮಾಡಲೇ ಎಂದು ನಸೀಮಾ ಫೋನಿನಲ್ಲಿ ಕೇಳಿದಳು. ಮಾಡು ಎಂದೆ. ಬೇರೆ ಏನು ಹೇಳಲಿ.

ಎರಡನೆಯ ಸಲ ಬಹಳ ನಿಧಾನವಾಗಿ ಏರಿಸಿದರು. ತೆಳು ಪಟ್ಟಿ ಒಳಹೊಕ್ಕಿತು. ಆಮೇಲೆ ಅದಕ್ಕಿಂತ ದಪ್ಪದ್ದು. ಆಮೇಲೆ ಇನ್ನೂ ದಪ್ಪದ್ದು. ನಾನು ನಿಲ್ಲಿಸಲು ಹೇಳಿ ಪಂಪಿಗೆ ಹಿಡಿ ಸಿಕ್ಕಿಸಿದೆ. ಗಾಜಿನಲ್ಲಿ ಎಣ್ಣೆ ಕಾಲು ಭಾಗದಷ್ಟಿತ್ತು. ಮೊದಲ ಹೊಡೆತಕ್ಕೆ ಏನೂ ಆಗಲಿಲ್ಲ. ನಾಲ್ಕಾರು ಹೊಡೆತಗಳಾದ ಮೇಲೆ ಹಿಡಿ ಭಾರವಾಯಿತು, ಬಾಗಿಲು ಕಿರುಗುಟ್ಟುತ್ತ ಸರಿಯಿತು. ಸಂದಿಯಲ್ಲಿ ಬೆಳಕಿನ ಗೀರು ಬಂತು. ಗೀರು ಅಗಲವಾಗಿ ಅದರಲ್ಲಿ ನಸೀಮಾಳ ಅರ್ಧ ಮುಖ ಕಂಡಿತು. ಅವಳು ಅಳುತ್ತಿದ್ದಳು, ಆದರೂ ಹಿಂದೆ ತಿರುಗಿ ಯಾರಿಗೋ ಜಾಕಿ ಮುಟ್ಟಬೇಡಿ ಎಂದು ಗದರುತ್ತಿದ್ದಳು.

ಗಾಂವಕರ್ ಮೊದಲು ಹೊರಗೆ ಹೋಗಬಹುದಿತ್ತು. ನಾನು ಹೇಳಿಯೂ ಹೇಳಿದೆ. ಅವರು ಬೀರುವಿನಿಂದ ಹೆಗಲು ತೆಗೆಯಲಿಲ್ಲ. ಇಬ್ಬರು ಡ್ರೈವರ್‌ಗಳು ಬಾಗಿಲ ಸಂದಿಯಲ್ಲಿ ಮೈ ತೂರಿಸಿ ಒಳಗೆ ಬಂದರು. ಅವರಿಬ್ಬರೂ ಗಾಂವಕರ್ ಅವರೂ ಸೇರಿ ಬೀರು ಎತ್ತಿ ಕರಿಯಣ್ಣನನ್ನು ಮೊದಲು ದಾಟಿಸಿದರು. ಶೆಡ್ಡಿನ ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ನನಗೆ ಯಾರೋ ನೀರು ಕೊಟ್ಟರು. ಬಾಟಲಿ ಹಿಡಿಯಲು ಬೆರಳು ಬಿಚ್ಚಿದಾಗಲೇ ಗೊತ್ತಾದದ್ದು, ಪಂಪಿನ ಹಿಡಿ ಇನ್ನೂ ನನ್ನ ಕೈಯಲ್ಲೇ ಇತ್ತು.

ಕರಿಯಣ್ಣನ ಕಾಲು ಎರಡು ಕಡೆ ಮುರಿದಿತ್ತು. ತುಮಕೂರಿನಲ್ಲಿ ಆಪರೇಷನ್ ಆಗಿ ರಾಡು ಹಾಕಿದರು. ಇತ್ತ ಕಂಪನಿಯಲ್ಲಿ ವಿಚಾರಣೆ ನಡೆಯಿತು. ಜಾಕ್‌ನ ಒಳಗಿನ ಸೀಲ್ ಹರಿದಿತ್ತು, ಪಿನ್ನಿಗೆ ಬಳಸಿದ ಉಕ್ಕು ಬೇಕಾದಷ್ಟು ಗಟ್ಟಿಯಿರಲಿಲ್ಲ. ಇದು ಪರೀಕ್ಷೆಯ ಸಾಧನದ ದೋಷ, ಬಾಗಿಲಿನ ದೋಷವಲ್ಲ ಎಂದು ಬರೆದು ಮುಗಿಸೋಣ ಎಂದು ಮ್ಯಾನೇಜ್‌ಮೆಂಟ್ ಬಯಸಿತು. ಸುಳ್ಳೇನೂ ಅಲ್ಲ. ಹಡಗಿನಲ್ಲಿ ಜಾಕ್ ಇರುವುದಿಲ್ಲ. ಹಾಗೆ ಬರೆದರೆ ನಿಗದಿಯಾದ ಹೊತ್ತಿಗೆ ಬಾಗಿಲುಗಳು ಹಡಗುಕಟ್ಟೆ ಸೇರುತ್ತವೆ. ನಾನು ಒಪ್ಪಲಿಲ್ಲ. ಡಿಕ್ಕಿಯಾದರೆ, ತಳ ಬಂಡೆಗೆ ತಾಗಿದರೆ ಹಡಗಿನ ಗೋಡೆಯೂ ಹೀಗೇ ತಿರುಚಿಕೊಳ್ಳುತ್ತದೆ, ಬಾಗಿಲು ಬೇಕಾಗುವುದೇ ಆಗ ಎಂದೆ. ನಿಯಮಗಳು ಕೇಳುವುದು ಹದಿನೈದು ಡಿಗ್ರಿ ವಾಲುವಿಕೆಯನ್ನು ಮಾತ್ರ, ನೀವು ಕೇಳುತ್ತಿರುವುದು ಅದಕ್ಕಿಂತ ಹೆಚ್ಚಿನದು ಎಂಬ ಉತ್ತರ ಬಂತು. ಅದೂ ನಿಜವೇ. ವಾರಗಟ್ಟಲೆ ಆ ಎರಡು ನಿಜಗಳ ನಡುವೆ ನಾನು ಸಿಕ್ಕಿಕೊಂಡಿದ್ದೆ. ಅಂಥ ದಿನಗಳಲ್ಲಿ ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದೆ.

ಬಿಡಿಸಿದ್ದು ಗಾಂವಕರ್. ಅವರ ತಪಾಸಣೆಯ ವರದಿ ಬಂದಾಗ ನಾವೆಲ್ಲ ದಂಗಾದೆವು. ತಾವು ಹೆದರಿದ್ದು, ಪಂಪು ಹೊಡೆದು ಎಣ್ಣೆ ಪೋಲು ಮಾಡಿದ್ದು, ಬೆಂಕಿ ತರಲು ಹೇಳಿದ್ದು, ಯಾವುದನ್ನೂ ಬಿಟ್ಟಿರಲಿಲ್ಲ. ಮುಳುಗುವ ಹಡಗಿನಲ್ಲಿ ಬಾಗಿಲ ಹಿಂದೆ ಇರುವವನು ನನ್ನಷ್ಟೇ ಹೆದರಿರುತ್ತಾನೆ, ಕರಿಯಣ್ಣನಷ್ಟೇ ಗಾಯಗೊಂಡಿರುತ್ತಾನೆ, ಈ ಬಾಗಿಲನ್ನು ಅವನಿಗಾಗಿ ವಿನ್ಯಾಸ ಮಾಡಿ ಎಂಬುದು ಅದರ ಸಾರ. ಆ ವರದಿಯ ಮೇಲೆ ಮ್ಯಾನೇಜ್‌ಮೆಂಟ್ ವಿನ್ಯಾಸ ಬದಲಿಸಲು ಒಪ್ಪಿತು.

ಮತ್ತೆ ಕೂತು ಕೆಲಸ ಮಾಡಿದೆವು. ಚೌಕಟ್ಟನ್ನು ದಪ್ಪಗೊಳಿಸಿ ಮೂಲೆಗಳಲ್ಲಿ ಸಂದಿ ಹೆಚ್ಚಿಸಿದೆವು. ಕೊಳವೆಯ ಜೋಡಣೆ ಬಿಚ್ಚಿಕೊಂಡರೂ ಎಣ್ಣೆ ಖಾಲಿಯಾಗದಂತೆ ನಡುವೆ ವಾಲ್ವ್ ಕೂರಿಸಿದೆವು. ಗೋಡೆಗೆ ಉರಿಯದ ಹೊದಿಕೆ ಬಂತು. ಎದೆಮಟ್ಟದಲ್ಲಿದ್ದ ಕೈಪಂಪನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿದೆವು. ಮೊದಲು ನಾವು ಅದನ್ನು ಕೂರಿಸಿದ್ದು ಎರಡು ಕಾಲ ಮೇಲೆ ಗಟ್ಟಿಯಾಗಿ ನಿಂತ ಮನುಷ್ಯನಿಗಾಗಿ. ಬೇರೆ ಥರದ ಮನುಷ್ಯನನ್ನು ನಾವ್ಯಾರೂ ಕಲ್ಪಿಸಿಕೊಂಡೇ ಇರಲಿಲ್ಲ.

ಎಂಜಿನಿಯರಿಂಗ್ ನನಗೆ ಕಲಿಸಿದ್ದರಲ್ಲಿ ದೊಡ್ಡದು ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ನಕ್ಷೆಯನ್ನು ನಾವು ಬರೆಯುವುದು ಹೊರಗೆ ಕೂತು, ಬೆಳಕಿನಲ್ಲಿ, ಆರಾಮಾಗಿ. ಅದನ್ನು ಬಳಸುವವನು ಒಳಗೆ, ಕತ್ತಲಲ್ಲಿ, ನೋವಿನಲ್ಲಿ ಇರಬಹುದು. ಅವನನ್ನು ಮನಸ್ಸಿನ ಎದುರು ಕೂರಿಸಿಕೊಳ್ಳದೆ ಎಳೆದ ಗೆರೆ ಎಷ್ಟೇ ನೇರವಾಗಿದ್ದರೂ ಅರ್ಧ ಕೆಲಸವೇ.

ಮರುಪರೀಕ್ಷೆ ಮಳೆಗಾಲ ಕಳೆದು ಚಳಿ ಶುರುವಾದಾಗ ನಡೆಯಿತು. ಈ ಸಲ ಪೆಟ್ಟಿಗೆಯನ್ನು ನಾವೇ ಬೇಕೆಂದು ತಿರುಚಿ ನಿಲ್ಲಿಸಿದ್ದೆವು, ಕೆಳಗೆಲ್ಲ ಉಕ್ಕಿನ ಆಧಾರ ಕೊಟ್ಟು. ಗಾಂವಕರ್ ಒಳಗೆ ಬಂದರು. ಅವರು ಬರಬೇಕಾಗಿಯೇನೂ ಇರಲಿಲ್ಲ. ಬಾಗಿಲು ಮುಚ್ಚಿದಾಗ ಅವರ ಹಣೆಯಲ್ಲಿ ಬೆವರು ಒಡೆದದ್ದನ್ನು ನಾನು ನೋಡಿಯೂ ನೋಡದಂತಿದ್ದೆ. ನಮ್ಮ ಬೇರೊಬ್ಬ ಫಿಟ್ಟರ್ ಪಂಪು ಹೊಡೆದು ಬಾಗಿಲು ತೆರೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಂವಕರ್ ಒಪ್ಪಿಗೆಪತ್ರಕ್ಕೆ ಸಹಿ ಹಾಕಲಿಲ್ಲ. ಶೆಡ್ಡಿನ ಬಾಗಿಲ ಹತ್ತಿರ ಕೋಲೂರಿ ನಿಂತಿದ್ದ ಕರಿಯಣ್ಣನ ಕಡೆ ನೋಡಿದರು. ಡಾಕ್ಟರು ಅವನನ್ನು ಇನ್ನೂ ಕೆಲಸಕ್ಕೆ ಬಿಟ್ಟಿರಲಿಲ್ಲ, ನೋಡಿಹೋಗಲು ಬಂದಿದ್ದ.

"ಇನ್ನೊಂದು ಸಲ ಮುಚ್ಚಿ," ಎಂದರು. "ಕರಿಯಣ್ಣ ತೆಗೀತಾನೆ. ಅವನಿಗೆ ಇಷ್ಟ ಇದ್ದರೆ ಮಾತ್ರ."

ಕರಿಯಣ್ಣ ಕೋಲನ್ನು ನಸೀಮಾಳ ಕೈಗೆ ಕೊಟ್ಟು ಒಳಗೆ ಬಂದ. ವಾಲಿದ ನೆಲದ ಮೇಲೆ ಕೂತು, ರಾಡು ಹಾಕಿದ ಕಾಲನ್ನು ನೀಳವಾಗಿ ಚಾಚಿ, ಗೋಡೆಗೆ ಬೆನ್ನು ಕೊಟ್ಟ. ಬಾಗಿಲು ಮುಚ್ಚಿತು. ದೀಪ ಆರಿಸಿದರು. ನಾನೂ ಗಾಂವಕರ್ ಅವರೂ ಸಹಾಯಕ್ಕೆ ಹೋಗದೆ ಕತ್ತಲಲ್ಲಿ ನಿಂತೆವು. ಪಂಪಿನ ಹಿಡಿ ಏರಿಳಿಯುವ ಸದ್ದು, ನಡುನಡುವೆ ಅವನು ಸುಧಾರಿಸಿಕೊಳ್ಳುವ ಉಸಿರು. ಬಹಳ ಹೊತ್ತು ಹಿಡಿಯಿತು. ಆಮೇಲೆ ಅವನ ಚಾಚಿದ ಪಾದದ ಮೇಲೆ ಬೆಳಕು ಬಿತ್ತು.